ಎರಡು ಸೊನ್ನೆಗಳ ನಡುವೆ ಒಂದು ಸೇತುವೆ

ಗಣಿತದ ಉತ್ತರಪತ್ರಿಕೆ ಕೈಗೆ ಬಂದ ದಿನ ಅನೇಕ ಮನೆಗಳಲ್ಲಿ ಕೇಳಿಬರುವ ಮಾತು ಒಂದಿದೆ: ‘ಲೆಕ್ಕವೆಲ್ಲ ಸರಿಯಾಗಿಯೇ ಮಾಡಿದ್ದೇನೆ, ಚಿಹ್ನೆ ಒಂದು ತಪ್ಪಾಗಿದೆ ಅಷ್ಟೆ.’ ಕೂಡುವ ಕಡೆ ಕಳೆದಿರುತ್ತಾನೆ, ಕಳೆಯುವ ಕಡೆ ಕೂಡಿರುತ್ತಾಳೆ. ವಿಧಾನಕ್ಕೆ ಅಂಕ ಸಿಗುತ್ತದೆ, ಉತ್ತರಕ್ಕೆ ಸಿಗುವುದಿಲ್ಲ. ಒಂದೆರಡು ಅಂಕಗಳಷ್ಟೇ ಹೋಗಿದ್ದರೆ ತಂದೆ ತಾಯಿಯರೂ ‘ಮುಂದಿನ ಸಲ ಗಮನವಿಟ್ಟು ಬರೆ’ ಎಂದು ಸುಮ್ಮನಾಗುತ್ತಾರೆ.

ಇದೇ ‘ಚಿಹ್ನೆ ಒಂದು ತಪ್ಪಾಗಿದೆ ಅಷ್ಟೆ’ ಎಂಬ ಮಾತನ್ನು ಎರಡು ದೇಶಗಳ ಎಂಜಿನಿಯರುಗಳು ಹೇಳಬೇಕಾಗಿ ಬಂದ ಊರೊಂದು ಜರ್ಮನಿಯಲ್ಲಿದೆ. ಅದರ ಹೆಸರು ಲೌಫೆನ್‌ಬುರ್ಗ್. ಅಲ್ಲಿ ತಪ್ಪಾದದ್ದು ಕಾಗದದ ಮೇಲಿನ ಉತ್ತರವಲ್ಲ, ರೈನ್ ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆ. ಎರಡು ದಡಗಳ ಕೆಲಸದ ನಡುವೆ ಬಂದ ವ್ಯತ್ಯಾಸ 54 ಸೆಂಟಿಮೀಟರು. ಊಟದ ಮೇಜಿನ ಎತ್ತರದ ಅರ್ಧಕ್ಕಿಂತ ಹೆಚ್ಚು!

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅಲ್ಲಿಯ ಎಂಜಿನಿಯರುಗಳು ಅಜ್ಞಾನಿಗಳಾಗಿರಲಿಲ್ಲ. ತಪ್ಪಾಗುವ ಸಾಧ್ಯತೆ ಎಲ್ಲಿದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕಾಗಿ ಲೆಕ್ಕವನ್ನೂ ಹಾಕಿದ್ದರು. ಹಾಗಿದ್ದರೂ ಎಡವಿದ್ದು ಹೇಗೆ?

ಒಂದೇ ಊರು, ಎರಡು ದೇಶ

ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದ ಅಂಚಿನಲ್ಲಿ ಲೌಫೆನ್‌ಬುರ್ಗ್ ಇದೆ. ಜನಸಂಖ್ಯೆ ಸುಮಾರು 9 ಸಾವಿರ. ನಮ್ಮ ಕಡೆಯ ಒಂದು ದೊಡ್ಡ ಹೋಬಳಿ ಕೇಂದ್ರದಷ್ಟು ಎನ್ನಬಹುದು. ಊರಿನ ಮುಂದೆಯೇ ರೈನ್ ನದಿ ಹರಿಯುತ್ತದೆ. ನದಿಯ ಆಚೆ ದಡದಲ್ಲಿ ಕಾಣುವ ಹಳೆಯ ಮನೆಗಳು, ಚರ್ಚಿನ ಗೋಪುರ, ಗುಡ್ಡದ ಮೇಲಿನ ಕೋಟೆಯ ಪಳೆಯುಳಿಕೆ ಎಲ್ಲವೂ ಸ್ವಿಟ್ಜರ್ಲೆಂಡಿಗೆ ಸೇರಿದವು. ಆ ಊರಿನ ಹೆಸರೂ ಲೌಫೆನ್‌ಬುರ್ಗ್ ಎಂದೇ! ಗೊಂದಲವಾಗದಿರಲೆಂದು ಜರ್ಮನಿಯದನ್ನು ‘ಲೌಫೆನ್‌ಬುರ್ಗ್ (ಬಾಡೆನ್)’ ಎಂದು ಬರೆಯುತ್ತಾರೆ.

ಒಂದು ಕಾಲಕ್ಕೆ ಇವೆರಡೂ ಸೇರಿ ಒಂದೇ ಪಟ್ಟಣವಾಗಿತ್ತು. ಹ್ಯಾಬ್ಸ್‌ಬರ್ಗ್ ಅರಸುಮನೆತನದ ಆಳ್ವಿಕೆಯಲ್ಲಿ ನದಿಯ ಎರಡೂ ದಡದವರು ಒಂದೇ ಊರಿನ ಜನ. ನೆಪೋಲಿಯನ್ನನ ಕಾಲದಲ್ಲಿ, 1801ರ ಲ್ಯೂನೆವಿಲ್ ಒಪ್ಪಂದದಂತೆ ಈ ಭಾಗದಲ್ಲಿ ರೈನ್ ನದಿಯೇ ಗಡಿಯಾಯಿತು. ಎಡದಡದ ಭಾಗ 1803ರಲ್ಲಿ ಸ್ವಿಟ್ಜರ್ಲೆಂಡಿನ ಆರ್ಗೌ ಪ್ರಾಂತಕ್ಕೆ ಸೇರಿತು. ಬಲದಡದ ಭಾಗ ಮುಂದೆ ಬಾಡೆನ್ ಸಂಸ್ಥಾನದ ಪಾಲಾಗಿ, ಆಮೇಲೆ ಜರ್ಮನಿಯ ಊರಾಯಿತು. ಅಂತೂ ಅಣ್ಣ ತಮ್ಮಂದಿರ ಮನೆ ಪಾಲಾದಂತೆ ಊರು ಪಾಲಾಯಿತು. ಮಾತು ಅದೇ, ನಂಟಸ್ತಿಕೆ ಅದೇ. ಇಂದಿಗೂ ಚಳಿಗಾಲದ ಕೊನೆಯಲ್ಲಿ ಬರುವ ವೇಷಗಳ ಹಬ್ಬವನ್ನು ಎರಡೂ ದಡದವರು ಸೇರಿಯೇ ಆಚರಿಸುತ್ತಾರೆ.

‘ಲೌಫೆನ್’ ಎಂದರೆ ಆ ಸೀಮೆಯ ಮಾತಿನಲ್ಲಿ ನದಿ ಬಂಡೆಗಳ ನಡುವೆ ರಭಸವಾಗಿ ನುಗ್ಗುವ ಜಾಗ. ಇಲ್ಲಿ ರೈನ್ ನದಿ ಕಿರಿದಾದ ಕಲ್ಲಿನ ಕೊರಕಲಿನಲ್ಲಿ ಭೋರ್ಗರೆಯುತ್ತಿತ್ತು. ದೋಣಿಯವರು ಸರಕನ್ನು ಇಳಿಸಿ, ನುರಿತ ಸ್ಥಳೀಯರ ನೆರವಿನಿಂದ ಖಾಲಿ ದೋಣಿಯನ್ನು ಸುಳಿ ದಾಟಿಸಬೇಕಾಗಿತ್ತು. ಸಾಲ್ಮನ್ ಮೀನಿನ ಬೇಟೆಗೂ ಈ ಜಾಗ ಹೆಸರುವಾಸಿ. 1908ರಿಂದ 1914ರವರೆಗೆ ಇಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿದಾಗ ಬಂಡೆಗಳನ್ನು ಸಿಡಿಸಲಾಯಿತು, ನೀರಿನ ಮಟ್ಟ ಏರಿತು. ಭೋರ್ಗರೆತ ನಿಂತುಹೋಯಿತು. ಊರಿಗೆ ಹೆಸರು ಕೊಟ್ಟ ‘ಲೌಫೆನ್’ ಇಂದು ಹೆಸರಿನಲ್ಲಿ ಮಾತ್ರ ಉಳಿದಿದೆ.

ಎರಡು ಊರುಗಳನ್ನು ಕೂಡಿಸುವ ಹಳೆಯ ಸೇತುವೆ ಪೇಟೆಯ ನಡುವೆಯೇ ಇದೆ. ಕಿರಿದಾದ ಹಳೆಯ ಬೀದಿಗಳಲ್ಲಿ ಲಾರಿ, ಕಾರುಗಳ ಓಡಾಟ ಹೆಚ್ಚಿದಾಗ, ವಾಹನಗಳಿಗಾಗಿ ಪೇಟೆಯಿಂದ ಹೊರಗೆ ಬೇರೊಂದು ಸೇತುವೆ ಬೇಕೆನಿಸಿತು. ಸುಮಾರು 225 ಮೀಟರ್ ಉದ್ದದ ಆ ಹೊಸ ಸೇತುವೆಯ ಕೆಲಸ ನಡೆದದ್ದು 2003–04ರಲ್ಲಿ. ನಮ್ಮ ಕಥೆ ಇದರದೇ.

ಎತ್ತರವನ್ನು ಎಲ್ಲಿಂದ ಅಳೆಯುವುದು?

ಕಥೆ ಅರ್ಥವಾಗಬೇಕಾದರೆ ಮೊದಲು ಒಂದು ಸರಳ ಪ್ರಶ್ನೆಗೆ ಉತ್ತರ ಬೇಕು. ನಮ್ಮ ರೈಲು ನಿಲ್ದಾಣಗಳ ಹಳದಿ ಫಲಕಗಳಲ್ಲಿ ಊರಿನ ಹೆಸರಿನ ಕೆಳಗೆ ‘ಸರಾಸರಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್’ ಎಂದು ಬರೆದಿರುವುದನ್ನು ಮಕ್ಕಳು ನೋಡಿರುತ್ತಾರೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂದು ಪಾಠದಲ್ಲಿಯೂ ಓದಿರುತ್ತಾರೆ. ಆದರೆ ಸಮುದ್ರ ಒಂದು ಕಡೆ ನಿಲ್ಲುವ ವಸ್ತುವೇ? ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ಹೆಚ್ಚು. ಗಾಳಿ ಬೀಸಿದರೆ ಇನ್ನೊಂದು ಮಟ್ಟ, ಮಳೆಗಾಲದಲ್ಲಿ ಮತ್ತೊಂದು.

ಆದ್ದರಿಂದ ಕರಾವಳಿಯ ಒಂದು ಬಂದರಿನಲ್ಲಿ ಉಬ್ಬರವಿಳಿತದ ಮಾಪಕವನ್ನಿಟ್ಟು, ವರ್ಷಗಟ್ಟಲೆ ನೀರಿನ ಮಟ್ಟವನ್ನು ದಾಖಲಿಸಿ ಸರಾಸರಿ ತೆಗೆಯುತ್ತಾರೆ. ಆ ಸರಾಸರಿಯನ್ನು ‘ಸೊನ್ನೆ’ ಎಂದು ಇಟ್ಟುಕೊಳ್ಳುತ್ತಾರೆ. ಅಲ್ಲಿಂದ ಒಳನಾಡಿಗೆ ಎತ್ತರವನ್ನು ಹೆಜ್ಜೆ ಹೆಜ್ಜೆಯಾಗಿ ಒಯ್ಯುತ್ತಾರೆ. ರಸ್ತೆ ಬದಿಯಲ್ಲಿ ಸರ್ವೆಯವರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನಿನಂಥ ಉಪಕರಣವಿಟ್ಟು, ಹಿಂದೊಂದು ಮುಂದೊಂದು ಅಳತೆಯ ಕೋಲು ಹಿಡಿಸಿ ಓದಿಕೊಳ್ಳುವುದನ್ನು ಕಂಡಿರಬಹುದು. ಹಿಂದಿನ ಕೋಲಿನ ಓದಿನಿಂದ ಮುಂದಿನ ಕೋಲಿನ ಓದನ್ನು ಕಳೆದರೆ ಆ ಎರಡು ಜಾಗಗಳ ಎತ್ತರದ ವ್ಯತ್ಯಾಸ ಸಿಗುತ್ತದೆ. ಹೀಗೆ ಸಾವಿರಾರು ಸಲ ಮಾಡುತ್ತಾ ಹೋದರೆ ಸಮುದ್ರವನ್ನೇ ಕಾಣದ ಊರಿಗೂ ಸಮುದ್ರದಿಂದ ಎಷ್ಟು ಎತ್ತರ ಎಂಬ ಸಂಖ್ಯೆ ಬರುತ್ತದೆ.

ಭಾರತದಲ್ಲಿ ಈ ಕೆಲಸ ಶುರುವಾದದ್ದು 1858ರಲ್ಲಿ. 1909ರಲ್ಲಿ ಅದಕ್ಕೊಂದು ಒಟ್ಟಾರೆ ಲೆಕ್ಕ ಸಿದ್ಧವಾದಾಗ ಒಂಬತ್ತು ಬಂದರುಗಳ ಸರಾಸರಿ ಸಮುದ್ರ ಮಟ್ಟವನ್ನು ಸೊನ್ನೆಯೆಂದು ಹಿಡಿದರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು ಎಂಬುದು ಕನ್ನಡದ ಮಕ್ಕಳು ನೆನಪಿಟ್ಟುಕೊಳ್ಳಬೇಕಾದ ಸಂಗತಿ.

ಸೊನ್ನೆಯೂ ಒಂದೊಂದು ದೇಶಕ್ಕೆ ಒಂದೊಂದು

ಇನ್ನು ಯುರೋಪಿಗೆ ಬರೋಣ. ಅಲ್ಲಿ ಒಂದೊಂದು ದೇಶವೂ ತನಗೆ ಅನುಕೂಲವಾದ ಸಮುದ್ರವನ್ನು ಆರಿಸಿಕೊಂಡಿತು.

ಜರ್ಮನಿಯ ಸೊನ್ನೆಯ ಮೂಲ ಉತ್ತರ ಸಮುದ್ರದ ಬದಿಯ ಆಮ್‌ಸ್ಟರ್‌ಡಾಮ್ ನಗರದಲ್ಲಿದೆ. ಅಲ್ಲಿನವರು 1683–84ರಲ್ಲಿಯೇ ಒಂದು ವರ್ಷ ಕಾಲ ನೀರಿನ ಮಟ್ಟವನ್ನು ಅಳೆದು, ನಗರದ ತೂಬುಗಳಲ್ಲಿ ಎಂಟು ಕಲ್ಲುಗಳನ್ನು ನೆಟ್ಟು ಗುರುತು ಕೆತ್ತಿದ್ದರು. ತಗ್ಗಿನ ನಾಡಾದ ಅವರಿಗೆ ಪ್ರವಾಹದ ಭಯ. ನೀರಿನ ಮಟ್ಟ ತಿಳಿಯುವುದು ಜೀವನ್ಮರಣದ ಪ್ರಶ್ನೆ. ಆ ಮಟ್ಟವನ್ನೇ ಆಧಾರವಾಗಿಟ್ಟುಕೊಂಡು 1879ರಲ್ಲಿ ಬರ್ಲಿನ್ನಿನ ಖಗೋಳ ವೀಕ್ಷಣಾಲಯದ ಗೋಡೆಯ ಮೇಲೆ ಒಂದು ಗುರುತು ಹಾಕಿದರು. ಈ ಗುರುತಿನಿಂದ ಸರಿಯಾಗಿ 37 ಮೀಟರ್ ಕೆಳಗೆ ಸೊನ್ನೆ ಇದೆ ಎಂದು ಗೊತ್ತುಮಾಡಿದರು. 1912ರಲ್ಲಿ ಆ ಕಟ್ಟಡವನ್ನೇ ಕೆಡವಬೇಕಾಗಿ ಬಂದಾಗ ಆಧಾರದ ಗುರುತನ್ನು ಬರ್ಲಿನ್ನಿನ ಪೂರ್ವಕ್ಕಿರುವ ಇನ್ನೊಂದು ಜಾಗಕ್ಕೆ ವರ್ಗಾಯಿಸಿದರು.

ಸ್ವಿಟ್ಜರ್ಲೆಂಡಿಗೆ ಸಮುದ್ರವೇ ಇಲ್ಲ. ಅದು ಫ್ರಾನ್ಸಿನಂತೆ ಮೆಡಿಟರೇನಿಯನ್ ದಡದ ಮಾರ್ಸೇಲ್ ಬಂದರನ್ನು ನೆಚ್ಚಿಕೊಂಡಿತು. ಜಿನೀವಾ ಸರೋವರದಲ್ಲಿ, ದಡಕ್ಕೆ ಹತ್ತಿರ, ನೀರಿನಿಂದ ತಲೆ ಎತ್ತಿರುವ ಒಂದು ಬಂಡೆ ಇದೆ. ಹಿಂದೆಂದೋ ಹಿಮನದಿ ಹೊತ್ತು ತಂದು ಬಿಟ್ಟುಹೋದ ಬಂಡೆ ಅದು. ಹೆಸರು ‘ಪಿಯೆರ್ ದ್ಯು ನಿತೊಂ’. ಆ ಬಂಡೆಯ ಮೇಲಿನ ಗುರುತು ಸಮುದ್ರ ಮಟ್ಟದಿಂದ 373.6 ಮೀಟರ್ ಎತ್ತರದಲ್ಲಿದೆ ಎಂದು 1902ರಲ್ಲಿ ನಿರ್ಧರಿಸಲಾಯಿತು. ದೇಶದ ಉಳಿದ ಎತ್ತರಗಳೆಲ್ಲ ಈ ಬಂಡೆಯಿಂದ ಲೆಕ್ಕ ಹಾಕಿದವು.

ಅದಕ್ಕೆ ಮುಂಚೆ ಅದೇ ಬಂಡೆಗೆ ಇದ್ದ ಲೆಕ್ಕ 376.86 ಮೀಟರ್! ಹೊಸ ಅಳತೆ ಬಂದಾಗ ಸ್ವಿಟ್ಜರ್ಲೆಂಡಿನ ಪರ್ವತಗಳೆಲ್ಲ ನಕ್ಷೆಯ ಮೇಲೆ ಒಮ್ಮೆಲೇ 3.26 ಮೀಟರಿನಷ್ಟು ಕುಳ್ಳಾದವು. ಪರ್ವತಗಳಿಗೆ ಏನೂ ಆಗಿರಲಿಲ್ಲ. ಅಳೆಯುವವರ ಸೊನ್ನೆ ಜಾಗ ಬದಲಿಸಿತ್ತು.

ಬೆಲ್ಜಿಯಮ್ಮಿನದು ಇನ್ನೂ ವಿಚಿತ್ರ. ಅವರು ಸರಾಸರಿ ಮಟ್ಟವನ್ನು ಬಿಟ್ಟು, ಸಮುದ್ರ ಇಳಿದಾಗಿನ ಕೆಳಮಟ್ಟವನ್ನು ಸೊನ್ನೆಯೆಂದು ಹಿಡಿದರು. ಹೀಗಾಗಿ ಪಕ್ಕದ ನೆದರ್ಲೆಂಡ್ಸಿನ ಸೊನ್ನೆಗೂ ಅವರ ಸೊನ್ನೆಗೂ ಸುಮಾರು 2.3 ಮೀಟರ್ ಅಂತರ.

ಸರಿ, ಸಮುದ್ರಗಳೆಲ್ಲ ಒಂದಕ್ಕೊಂದು ಕೂಡಿಕೊಂಡೇ ಇವೆಯಲ್ಲ, ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆಯಲ್ಲ, ಮಾರ್ಸೇಲಿನ ಸರಾಸರಿಯೂ ಆಮ್‌ಸ್ಟರ್‌ಡಾಮಿನ ಮಟ್ಟವೂ ಒಂದೇ ಇರಬೇಡವೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಒಳ್ಳೆಯ ಪ್ರಶ್ನೆ. ನಿಂತ ನೀರಿಗೆ ಆ ಮಾತು ಸರಿ. ಸಮುದ್ರ ನಿಂತ ನೀರಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ ಬಿಸಿಲಿಗೆ ಆವಿಯಾಗಿ ಹೋಗುವ ನೀರು, ನದಿ ಮತ್ತು ಮಳೆಯಿಂದ ಬಂದು ಸೇರುವ ನೀರಿಗಿಂತ ಹೆಚ್ಚು. ಉಪ್ಪು ಉಳಿದು ನೀರಿನ ಸಾಂದ್ರತೆ ಹೆಚ್ಚುತ್ತದೆ. ಕೊರತೆ ತುಂಬಲು ಅಟ್ಲಾಂಟಿಕ್ ಸಾಗರದ ನೀರು ಜಿಬ್ರಾಲ್ಟರ್ ಜಲಸಂಧಿಯಲ್ಲಿ ಮೇಲುಪದರದಲ್ಲಿ ಒಳಗೆ ಹರಿಯುತ್ತಲೇ ಇರುತ್ತದೆ. ಒಟ್ಟಿನಲ್ಲಿ ಮೆಡಿಟರೇನಿಯನ್ನಿನ ಮೇಲ್ಮೈ ಹೊರಗಿನ ಸಾಗರಕ್ಕಿಂತ ಕೆಲವು ಹತ್ತು ಸೆಂಟಿಮೀಟರುಗಳಷ್ಟು ತಗ್ಗಿನಲ್ಲಿದೆ. ಇದರ ಜೊತೆಗೆ ಹಳೆಯ ಅಳತೆಗಳಲ್ಲಿ ಕೂಡಿಕೊಂಡು ಬಂದ ಚಿಕ್ಕಪುಟ್ಟ ದೋಷಗಳೂ, ಎತ್ತರವನ್ನು ಲೆಕ್ಕ ಹಾಕುವ ವಿಧಾನಗಳ ಭೇದವೂ ಸೇರುತ್ತವೆ.

ಇವೆಲ್ಲದರ ಫಲವಾಗಿ ಲೌಫೆನ್‌ಬುರ್ಗ್ ಸೇತುವೆಯ ಜಾಗದಲ್ಲಿ ಜರ್ಮನಿಯ ಸೊನ್ನೆಗೂ ಸ್ವಿಟ್ಜರ್ಲೆಂಡಿನ ಸೊನ್ನೆಗೂ ನಡುವೆ ಇದ್ದ ಅಂತರ 27 ಸೆಂಟಿಮೀಟರು.

27 ಎರಡಲ 54

ಈ 27 ಸೆಂಟಿಮೀಟರಿನ ವಿಷಯ ಸೇತುವೆಯ ಯೋಜನೆ ಹಾಕಿದವರಿಗೆ ತಿಳಿದಿತ್ತು. ಎರಡು ದೇಶಗಳ ಅಳತೆಯನ್ನು ಹೊಂದಿಸಲು 27ನ್ನು ಲೆಕ್ಕಕ್ಕೆ ತಂದುಕೊಂಡರು. ಆದರೆ ತಂದುಕೊಳ್ಳುವಾಗ ಚಿಹ್ನೆ ಅದಲುಬದಲಾಯಿತು.

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ತಿಳಿಯಲು ಸುಲಭವಾಗಲೆಂದು ಗುಂಡು ಸಂಖ್ಯೆ ತೆಗೆದುಕೊಳ್ಳೋಣ. ಜರ್ಮನಿಯ ಅಳತೆಯಲ್ಲಿ ಸೇತುವೆಯ ಒಂದು ಮಟ್ಟ 300.00 ಮೀಟರ್ ಇರಬೇಕು ಎಂದಿಟ್ಟುಕೊಳ್ಳಿ. ಸ್ವಿಸ್ ಸೊನ್ನೆ ಜರ್ಮನ್ ಸೊನ್ನೆಗಿಂತ 27 ಸೆಂಟಿಮೀಟರ್ ಕೆಳಗಿದೆ. ಕೆಳಗಿನಿಂದ ಅಳೆಯುವವನಿಗೆ ಅದೇ ಮಟ್ಟ ಹೆಚ್ಚು ಎತ್ತರವಾಗಿ ಕಾಣಬೇಕಷ್ಟೆ. ಅಂದರೆ ಸ್ವಿಸ್ ಅಳತೆಯಲ್ಲಿ ಅದು 300.27 ಮೀಟರ್. ಇಲ್ಲಿ ಕೂಡಬೇಕು.

ಕೂಡುವ ಬದಲು ಕಳೆದರೆ 299.73 ಮೀಟರ್ ಬರುತ್ತದೆ. ಸ್ವಿಸ್ ದಡದ ಕೆಲಸಗಾರರು ಆ ಸಂಖ್ಯೆಯನ್ನು ನಂಬಿ ತಮ್ಮ ಉಪಕರಣದಲ್ಲಿ ಸರಿಯಾಗಿಯೇ ಅಳೆದು ಕಟ್ಟುತ್ತಾರೆ. 300.27ರಲ್ಲಿ ಇರಬೇಕಾದದ್ದು 299.73ರಲ್ಲಿ ನಿಲ್ಲುತ್ತದೆ. ಎರಡರ ವ್ಯತ್ಯಾಸ 54 ಸೆಂಟಿಮೀಟರು. 27ನ್ನು ಪೂರ್ತಿ ಮರೆತಿದ್ದರೆ ತಪ್ಪು 27 ಮಾತ್ರ ಆಗುತ್ತಿತ್ತು. ನೆನಪಿಟ್ಟು ತಿರುವುಮುರುವು ಮಾಡಿದ್ದರಿಂದ ಇಮ್ಮಡಿಯಾಯಿತು! ಚಿಹ್ನೆಯ ತಪ್ಪು ಮಾಡಿದಾಗಲೆಲ್ಲ ಹೀಗೆಯೇ: ಉತ್ತರ ಎರಡರಷ್ಟು ದೂರಕ್ಕೆ ಹೋಗಿ ಬೀಳುತ್ತದೆ.

ಲೌಫೆನ್‌ಬುರ್ಗಿನಲ್ಲಿ ನಡೆದದ್ದೂ ಇದೇ. ಜರ್ಮನ್ ಬದಿ ಸ್ವಿಸ್ ಬದಿಗಿಂತ 54 ಸೆಂಟಿಮೀಟರ್ ಮೇಲಿತ್ತು. ಪುಣ್ಯಕ್ಕೆ ಎರಡು ಕಡೆಯ ಕೆಲಸ ಕೂಡುವ ಮುನ್ನವೇ ಸಂಗತಿ ಬಯಲಾಯಿತು. ಮಟ್ಟವನ್ನು ಸರಿಪಡಿಸಿಕೊಂಡು ಕೆಲಸ ಮುಂದುವರಿಸಿದರು. 2004ರಲ್ಲಿ ಸೇತುವೆ ಮುಗಿಯಿತು. ಇಂದು ವಾಹನಗಳು ಏರುಪೇರಿಲ್ಲದೆ ಅದರ ಮೇಲೆ ಓಡಾಡುತ್ತವೆ. ಆದರೆ ಸುದ್ದಿ ಜಗತ್ತೆಲ್ಲ ಹರಡಿತು. ಅಳತೆಯಲ್ಲಿ ಕರಾರುವಾಕ್ಕು ಎಂದು ಹೆಸರಾದ ಎರಡು ದೇಶಗಳ ನಡುವೆ ಇಂಥದಾಯಿತೇ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು, ನಕ್ಕರು. ಗಣಿತದ ತಪ್ಪುಗಳ ಬಗ್ಗೆ ಬರೆಯುವವರಿಗೆ ಲೌಫೆನ್‌ಬುರ್ಗ್ ಮೆಚ್ಚಿನ ಉದಾಹರಣೆಯಾಯಿತು.

ಅದೇ ಊರಿನ ಇನ್ನೊಂದು ಕೂಡಿಕೆ

ನಕ್ಕು ಸುಮ್ಮನಾದರೆ ಆ ಊರಿಗೆ ಅನ್ಯಾಯ ಮಾಡಿದಂತೆ. ಏಕೆಂದರೆ ಬೇರೆ ಬೇರೆ ದೇಶಗಳ ಅಳತೆಗಳನ್ನು ಒಂದಕ್ಕೊಂದು ಹೊಂದಿಸಿ ಕೂಡಿಸುವ ವಿದ್ಯೆಯಲ್ಲಿ ಇಡೀ ಯುರೋಪಿಗೆ ದಾರಿ ತೋರಿಸಿದ್ದೂ ಲೌಫೆನ್‌ಬುರ್ಗೇ. ಸೇತುವೆಗಿಂತ 45 ವರ್ಷ ಮೊದಲು, 1958ರಲ್ಲಿ, ನದಿಯ ಸ್ವಿಸ್ ದಡದ ಲೌಫೆನ್‌ಬುರ್ಗಿನಲ್ಲಿ ಜರ್ಮನಿ, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ವಿದ್ಯುತ್ ಜಾಲಗಳನ್ನು 220 ಕಿಲೋವೋಲ್ಟ್ ತಂತಿಗಳ ಮೂಲಕ ಒಂದು ಬಿಂದುವಿನಲ್ಲಿ ಸೇರಿಸಿದರು. ಮೂರು ದಿಕ್ಕಿನಿಂದ ತಂತಿಗಳು ಬಂದು ಕೂಡುವ ಆ ಜಾಗಕ್ಕೆ ‘ಲೌಫೆನ್‌ಬುರ್ಗಿನ ನಕ್ಷತ್ರ’ ಎಂಬ ಹೆಸರು ಬಂತು. ಇಂದಿನ ಯುರೋಪಿನ ವಿಶಾಲ ವಿದ್ಯುತ್ ಜಾಲ ಬೆಳೆದದ್ದು ಈ ಚಿಕ್ಕ ನಕ್ಷತ್ರದಿಂದ. ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ 2010ರಲ್ಲಿ ಇದನ್ನು ತಾಂತ್ರಿಕ ಇತಿಹಾಸದ ಮೈಲಿಗಲ್ಲು ಎಂದು ಗುರುತಿಸಿತು.

ಎರಡು ತಂತಿ ಗಂಟು ಹಾಕಿದರೆ ಆಯಿತಲ್ಲ, ಇದರಲ್ಲಿ ಏನು ದೊಡ್ಡಸ್ತಿಕೆ ಎನಿಸಬಹುದು. ಪರ್ಯಾಯ ವಿದ್ಯುತ್ತಿನಲ್ಲಿ ಅಷ್ಟು ಸುಲಭವಿಲ್ಲ. ಅದು ಸೆಕೆಂಡಿಗೆ 50 ಸಲ ಒಂದೇ ಸಮನೆ ತೂಗುವ ಉಯ್ಯಾಲೆಯ ಹಾಗೆ. ಪಕ್ಕಪಕ್ಕದ ಎರಡು ಉಯ್ಯಾಲೆಗಳನ್ನು ತೂಗುತ್ತಿರುವಾಗಲೇ ಒಂದಕ್ಕೊಂದು ಕಟ್ಟಬೇಕು ಎಂದುಕೊಳ್ಳಿ. ಎರಡರ ವೇಗ ಒಂದೇ ಇರಬೇಕು. ತೂಗುವ ಎತ್ತರ ಒಂದೇ ಇರಬೇಕು. ಒಂದು ಮುಂದಕ್ಕೆ ಬಂದಾಗ ಇನ್ನೊಂದೂ ಮುಂದಕ್ಕೇ ಬರುತ್ತಿರಬೇಕು. ಒಂದು ಮುಂದೆ, ಒಂದು ಹಿಂದೆ ಇರುವಾಗ ಕಟ್ಟಿದರೆ ಹಗ್ಗ ಹರಿಯುತ್ತದೆ. ವಿದ್ಯುತ್ ಜಾಲಗಳಲ್ಲಿ ಇದನ್ನೇ ಆವೃತ್ತಿ, ವೋಲ್ಟೇಜು ಮತ್ತು ಪ್ರಾವಸ್ಥೆ ಎನ್ನುತ್ತಾರೆ. ಮೂರೂ ಹೊಂದಿದ ಮೇಲೆಯೇ ಸ್ವಿಚ್ಚು ಮುಚ್ಚಬೇಕು.

ಹಿಂದಿನ ಕಾಲದ ವಿದ್ಯುದಾಗಾರಗಳಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿತ್ತು. ಕೂಡಿಸಬೇಕಾದ ಎರಡು ತಂತಿಗಳ ನಡುವೆ ಬಲ್ಬುಗಳನ್ನು ಜೋಡಿಸುತ್ತಿದ್ದರು. ಎರಡೂ ಹೊಂದದಿದ್ದರೆ ಬಲ್ಬು ಉರಿಯುತ್ತದೆ. ಎರಡರ ತೂಗಾಟ ಪೂರ್ತಿ ಹೊಂದಿದ ಕ್ಷಣ ನಡುವೆ ವೋಲ್ಟೇಜಿನ ವ್ಯತ್ಯಾಸವೇ ಇಲ್ಲವಾಗಿ ಬಲ್ಬು ಆರುತ್ತದೆ. ಆ ಕತ್ತಲೆಯ ಕ್ಷಣವೇ ಸ್ವಿಚ್ಚು ಮುಚ್ಚುವ ಮುಹೂರ್ತ. ಗಮನಿಸಬೇಕಾದದ್ದು ಇಷ್ಟು: ಕಾಗದದ ಲೆಕ್ಕ ಎಷ್ಟೇ ಸರಿ ಇರಲಿ, ಕೂಡಿಸುವ ಮುನ್ನ ಕೂಡುವ ಜಾಗದಲ್ಲಿಯೇ ಅಳೆದು ನೋಡುವ ಪದ್ಧತಿ ಅದರೊಳಗೇ ಇದೆ.

ಒಮ್ಮೆ ಕೂಡಿದ ಮೇಲೂ ಎಚ್ಚರ ತಪ್ಪುವಂತಿಲ್ಲ. 2018ರ ಜನವರಿ ಮಧ್ಯದಿಂದ ಮಾರ್ಚ್ ಮೊದಲವರೆಗೆ ಯುರೋಪಿನ ಅನೇಕ ದೇಶಗಳ ಅಡುಗೆಮನೆಯ ಓವನ್ ಗಡಿಯಾರಗಳು, ಅಲಾರಂಗಳು ಹಿಂದೆ ಬಿದ್ದವು. ಸರ್ಬಿಯ ಮತ್ತು ಕೊಸೊವೊ ನಡುವಿನ ವ್ಯಾಜ್ಯದಿಂದ ಜಾಲಕ್ಕೆ ಸೇರಬೇಕಾದ ವಿದ್ಯುತ್ ಕೊರತೆಯಾಗಿ, 50 ಇರಬೇಕಾದ ಆವೃತ್ತಿ ಸರಾಸರಿ 49.996ಕ್ಕೆ ಇಳಿದಿತ್ತು. ಈ ಗಡಿಯಾರಗಳು ವಿದ್ಯುತ್ತಿನ ತೂಗಾಟವನ್ನೇ ಎಣಿಸಿ ಹೊತ್ತು ಹೇಳುತ್ತವೆ. ಮಕ್ಕಳೇ ಲೆಕ್ಕ ಮಾಡಿ ನೋಡಬಹುದು. 50ಕ್ಕೆ 0.004 ಎಂದರೆ 12,500ರಲ್ಲಿ ಒಂದು ಪಾಲು. ದಿನಕ್ಕೆ 86,400 ಸೆಕೆಂಡು; ಅದರ 12,500ರಲ್ಲಿ ಒಂದು ಪಾಲು ಸುಮಾರು 7 ಸೆಕೆಂಡು. ಐವತ್ತು ದಿನಕ್ಕೆ 350 ಸೆಕೆಂಡು, ಅಂದರೆ ಹೆಚ್ಚುಕಡಿಮೆ 6 ನಿಮಿಷ. ಗಡಿಯಾರಗಳು ಹಿಂದೆ ಬಿದ್ದದ್ದೂ ಅಷ್ಟೇ! ಆಮೇಲೆ ಆವೃತ್ತಿಯನ್ನು ತುಸು ಏರಿಸಿ, ಏಪ್ರಿಲ್ ಹೊತ್ತಿಗೆ ಕಳೆದ ಹೊತ್ತನ್ನು ತುಂಬಿಕೊಟ್ಟರು.

1958ರಲ್ಲಿ ಮೂರು ದೇಶಗಳಿಂದ ಶುರುವಾದ ಆ ಜಾಲಕ್ಕೆ 2022ರ ಮಾರ್ಚ್‌ನಲ್ಲಿ ಯುಕ್ರೇನ್ ಮತ್ತು ಮಾಲ್ಡೋವ, 2025ರ ಫೆಬ್ರವರಿಯಲ್ಲಿ ಬಾಲ್ಟಿಕ್ ತೀರದ ಮೂರು ದೇಶಗಳು ಸೇರಿಕೊಂಡಿವೆ. ಪ್ರತಿ ಸಲವೂ ನಿಯಮ ಒಂದೇ: ಮೊದಲು ಹೊಂದಿಸು, ಅಳೆದು ನೋಡು, ಆಮೇಲೆ ಕೂಡಿಸು.

ಸೊನ್ನೆ ಎಂದರೆ ಒಪ್ಪಂದ

ಲೌಫೆನ್‌ಬುರ್ಗಿನ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಜ್ಞಾನದ ಒಂದು ಮೂಲಪಾಠ ಸಿಗುತ್ತದೆ. ಯಾವ ಅಳತೆಯೂ ತನ್ನಷ್ಟಕ್ಕೆ ಅರ್ಥಪೂರ್ಣವಲ್ಲ. ಎಲ್ಲಿಂದ ಅಳೆದದ್ದು ಎಂಬುದೂ ಅಳತೆಯ ಭಾಗವೇ. ‘ನೂರು ಡಿಗ್ರಿ’ ಎಂದರೆ ಸೆಲ್ಷಿಯಸ್ಸಿನಲ್ಲಿ ಕುದಿಯುವ ನೀರು, ಫ್ಯಾರನ್‌ಹೀಟಿನಲ್ಲಿ ಸಾಧಾರಣ ಜ್ವರ. ‘ಮೊದಲನೆಯ ಮಹಡಿ’ ಎಂದರೆ ನಮ್ಮಲ್ಲಿ ಒಂದು ಮೆಟ್ಟಿಲಸಾಲು ಹತ್ತಬೇಕು. ಅಮೆರಿಕದಲ್ಲಿ ನೆಲದ ಮಟ್ಟದ್ದೇ ಮೊದಲನೆಯ ಮಹಡಿ. ಸಂಖ್ಯೆ ಒಂದೇ, ಸೊನ್ನೆ ಬೇರೆ.

ಸಮುದ್ರ ಮಟ್ಟದ ಸೊನ್ನೆಯಂತೂ ಪೂರ್ತಿ ಮನುಷ್ಯರ ಒಪ್ಪಂದ. ಮಾರ್ಸೇಲಿನಲ್ಲಿ 1885ರಿಂದ ಹನ್ನೆರಡು ವರ್ಷ ಅಳೆದ ಸರಾಸರಿಯನ್ನು ಫ್ರಾನ್ಸಿನ ಎತ್ತರಗಳಿಗೆ ಸೊನ್ನೆಯೆಂದು ಹಿಡಿದಿದ್ದಾರೆ. ಅಂದಿನಿಂದ ಈಚೆಗೆ ಸಮುದ್ರವೇ ಏರಿದೆ. ಸೊನ್ನೆ ಅಲ್ಲಿಯೇ ಇದೆ. ಈಗ ಯುರೋಪಿನ ಸರ್ವೆ ಸಂಸ್ಥೆಗಳು ಸೇರಿ ಆಮ್‌ಸ್ಟರ್‌ಡಾಮಿನ ಮಟ್ಟದ ಆಧಾರದ ಮೇಲೆ ಇಡೀ ಖಂಡಕ್ಕೆ ಒಂದು ಸಮಾನ ಎತ್ತರ ವ್ಯವಸ್ಥೆಯನ್ನು ರೂಪಿಸಿವೆ. ದೇಶಗಳ ಹಳೆಯ ಸಂಖ್ಯೆಗಳೂ ನಕ್ಷೆಗಳಲ್ಲಿ, ದಾಖಲೆಗಳಲ್ಲಿ ಇನ್ನೂ ಬಳಕೆಯಲ್ಲಿವೆ. ಹಾಗಾಗಿ ಗಡಿ ದಾಟುವಾಗ ಎಂಜಿನಿಯರು ಇಂದಿಗೂ ಕೇಳಬೇಕಾದ ಮೊದಲ ಪ್ರಶ್ನೆ, ‘ನಿಮ್ಮ ಸೊನ್ನೆ ಎಲ್ಲಿದೆ?’

ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಒಂದು ಕಿಟಕಿಯ ಕೆಳ ಅಂಚಿನ ಎತ್ತರವನ್ನು ಒಬ್ಬರು ಒಳಗಿನಿಂದ, ಕೋಣೆಯ ನೆಲವನ್ನು ಸೊನ್ನೆಯಾಗಿಟ್ಟುಕೊಂಡು ಅಳೆಯಲಿ. ಇನ್ನೊಬ್ಬರು ಹೊರಗಿನಿಂದ, ಅಂಗಳವನ್ನು ಸೊನ್ನೆಯಾಗಿಟ್ಟುಕೊಂಡು ಅಳೆಯಲಿ. ಎರಡು ಸಂಖ್ಯೆಗಳು ಹೊಂದುವುದಿಲ್ಲ. ಅವುಗಳ ವ್ಯತ್ಯಾಸವೇ ಅಂಗಳಕ್ಕೂ ಕೋಣೆಗೂ ಇರುವ ಮಟ್ಟದ ವ್ಯತ್ಯಾಸ. ಬಳಿಕ ಗಾರೆ ಕೆಲಸದವರು ಬಳಸುವಂಥ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದು ತುದಿಯನ್ನು ಕಿಟಕಿಯ ಒಳಗೆ, ಇನ್ನೊಂದನ್ನು ಹೊರಗೆ ಹಿಡಿಯಿರಿ. ನೀರು ಎರಡು ಕಡೆಯೂ ಒಂದೇ ಮಟ್ಟದಲ್ಲಿ ನಿಂತು, ಒಳಗಿನವರಿಗೂ ಹೊರಗಿನವರಿಗೂ ಸಮಾನವಾದ ಒಂದು ಗುರುತು ಕೊಡುತ್ತದೆ.

ಪಾಲಕರಿಗೂ ಒಂದು ಮಾತು. ಮಗು ಚಿಹ್ನೆ ತಪ್ಪಿಸಿದಾಗ ‘ಅಷ್ಟೂ ಗೊತ್ತಾಗುವುದಿಲ್ಲವೇ’ ಎಂದು ಬೈಯುವುದರಿಂದ ಪ್ರಯೋಜನವಿಲ್ಲ. ಲೌಫೆನ್‌ಬುರ್ಗಿನ ಎಂಜಿನಿಯರುಗಳಿಗೆ ಎಲ್ಲವೂ ಗೊತ್ತಿತ್ತು. ‘ಅಷ್ಟೆ ತಾನೆ’ ಎಂದು ಬಿಟ್ಟುಬಿಡುವುದೂ ಸರಿಯಲ್ಲ. ಅದರ ಬದಲು ಎರಡು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಬಹುದು. ಲೆಕ್ಕ ಮಾಡುವ ಮುನ್ನ: ‘ಉತ್ತರ ಹೆಚ್ಚು ಬರಬೇಕೋ, ಕಡಿಮೆ ಬರಬೇಕೋ?’ ಲೆಕ್ಕ ಮಾಡಿದ ಮೇಲೆ: ‘ಬೇರೆ ದಾರಿಯಿಂದ ತಾಳೆ ನೋಡಿದೆಯಾ?’ ಮೊದಲ ಪ್ರಶ್ನೆಗೆ ಪೆನ್ನೂ ಬೇಡ, ಕಾಗದವೂ ಬೇಡ. ಕೆಳಗೆ ನಿಂತವನಿಗೆ ಅದೇ ವಸ್ತು ಹೆಚ್ಚು ಎತ್ತರ ಎಂದು ಒಂದು ಕ್ಷಣ ಯೋಚಿಸಿದ್ದರೆ ಸೇತುವೆಯ 27ನ್ನು ಯಾರೂ ಕಳೆಯುತ್ತಿರಲಿಲ್ಲ. ಎರಡನೆಯ ಪ್ರಶ್ನೆಯೇ ಕೊನೆಗೆ ಆ ಸೇತುವೆಯನ್ನು ಉಳಿಸಿದ್ದು.

2008ರ ಡಿಸೆಂಬರಿನಲ್ಲಿ ಈ ಗಡಿಯ ನಿಯಮಿತ ಪಾಸ್‌ಪೋರ್ಟ್ ತಪಾಸಣೆಯನ್ನು ಕೈಬಿಡಲಾಗಿತ್ತು. ಲೌಫೆನ್‌ಬುರ್ಗಿನವರು ಹೊಸ ಸೇತುವೆಯ ಮೇಲೆ ವಾಹನದಲ್ಲಿ, ಹಳೆಯ ಸೇತುವೆಯ ಮೇಲೆ ನಡೆದು ದಿನವೂ ಗಡಿ ದಾಟುತ್ತಾರೆ. ಈ ಕಡೆ ಯೂರೊ, ಆ ಕಡೆ ಫ್ರಾಂಕ್. ಈ ಕಡೆಯ ಎತ್ತರ ಉತ್ತರ ಸಮುದ್ರದಿಂದ, ಆ ಕಡೆಯದು ಮೆಡಿಟರೇನಿಯನ್ನಿನಿಂದ. ಭೇದಗಳು ಹಾಗೆಯೇ ಉಳಿದಿವೆ. ಎಷ್ಟು ಭೇದ, ಯಾವ ಕಡೆಗೆ ಎಂಬುದು ಸರಿಯಾಗಿ ತಿಳಿದ ಮೇಲೆ ಸೇತುವೆ ಕಟ್ಟಲು ಅವು ಅಡ್ಡಿಯಾಗಲಿಲ್ಲ.